ಕಡವೆಗೆ ಕಾಣದ ಹಿತ್ತಲು

ಸಾಗರ ತಾಲ್ಲೂಕಿನ ಕಾಡಂಚಿನಲ್ಲಿ ಹಿತ್ತಲು ಮಾಡುವವರಿಗೆ ಬೀಜಕ್ಕಿಂತ ಮೊದಲು ಬೇಲಿಯ ಚಿಂತೆ. ನಮ್ಮ ಮನೆಯ ಹಿಂದೆ ಒಂದು ಸಣ್ಣ ಹಳ್ಳ, ಅದರಾಚೆ ಅಕೇಶಿಯಾ ನೆಡುತೋಪು, ಅದಕ್ಕೂ ಆಚೆ ಕಾಡು. ಅಕೇಶಿಯಾದ ಬುಡದಲ್ಲಿ ತರಗೆಲೆ ಬಿಟ್ಟರೆ ಮೇಯಲು ಹೆಚ್ಚೇನೂ ಇರುವುದಿಲ್ಲ. ಹಾಗಾಗಿ ರಾತ್ರಿ ನೀರಿಗೆಂದು ಹಳ್ಳಕ್ಕಿಳಿಯುವ ಕಡವೆಗೂ, ಕಾಡುಕುರಿ ಎಂದು ಕರೆಯುವ ಸಣ್ಣ ಜಿಂಕೆಗೂ ನಮ್ಮ ಅಲಸಂದೆ, ಬೆಂಡೆ, ಹರಿವೆ, ಬಸಳೆಗಳೇ ಹತ್ತಿರದ ಮೇವು. ಮಳೆಗಾಲದಲ್ಲಿ ಡೇರೆ, ಅಂದರೆ ಡೇಲಿಯಾ ಹೂಗಿಡದ ಕುಡಿಯನ್ನೂ ಬಿಡುವುದಿಲ್ಲ. ವರ್ಷವಿಡೀ ಗೆಡ್ಡೆ ಕಾಪಾಡಿ, ಅಕ್ಕಪಕ್ಕದವರೊಡನೆ ಬಣ್ಣ ಬದಲಾಯಿಸಿಕೊಂಡು ಡೇರೆ ಬೆಳೆಸುವ ಮಲೆನಾಡಿನ ಹೆಂಗಸರಿಗೆ ಆ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಕೆಲವು ವರ್ಷಗಳಿಂದ ನಮ್ಮ ಹಿತ್ತಲು ಉಳಿದುಕೊಂಡಿದೆ. ಕಾಡಿನ ಪ್ರಾಣಿಗೆ ನೋವು ಮಾಡದೆ, ದೊಡ್ಡ ಖರ್ಚೂ ಇಲ್ಲದೆ ಅದು ಹೇಗೆ ಸಾಧ್ಯವಾಯಿತು ಎಂದು ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಿತ್ತಲಿಗೆ ಬಂದದ್ದು ಯಾವ ಪ್ರಾಣಿ ಎಂಬುದು ಮೊದಲು ಖಚಿತವಾಗಬೇಕು. ಮಂಗ, ಮೊಲ, ಹಂದಿ, ಕಡವೆ ಎಲ್ಲಕ್ಕೂ ಒಂದೇ ಬೇಲಿ ಸಾಲದು. ಜಿಂಕೆಯ ಜಾತಿಯ ಪ್ರಾಣಿಗಳಿಗೆ ಮೇಲ್ದವಡೆಯ ಮುಂದಿನ ಹಲ್ಲುಗಳಿಲ್ಲ. ಅವು ಕುಡಿಯನ್ನು ಕತ್ತರಿಸುವುದಿಲ್ಲ, ಹಿಡಿದು ಎಳೆದು ಹರಿಯುತ್ತವೆ. ಆದ್ದರಿಂದ ಉಳಿದ ದಂಟಿನ ತುದಿ ನಾರುನಾರಾಗಿರುತ್ತದೆ. ಮೊಲ ತಿಂದ ದಂಟು ಚಾಕುವಿನಿಂದ ಓರೆಯಾಗಿ ಕೊಯ್ದ ಹಾಗೆ ನುಣುಪಾಗಿರುತ್ತದೆ. ಹಂದಿ ಬಂದಿದ್ದರೆ ಮಣ್ಣೇ ಹೇಳುತ್ತದೆ, ಉತ್ತಂತೆ ಕೆದರಿರುತ್ತದೆ. ಎದೆಮಟ್ಟಕ್ಕಿಂತ ಮೇಲಿನ ಬಳ್ಳಿಯ ಕುಡಿಯೂ ಹೋಗಿದ್ದರೆ ಅದು ಕಡವೆ. ಮೊಣಕಾಲೆತ್ತರದ ಗಿಡಗಳಷ್ಟೇ ಹೋಗಿ, ಸಣ್ಣ ಗೊರಸಿನ ಗುರುತು ಕಂಡರೆ ಕಾಡುಕುರಿ. ರಾತ್ರಿ ನಾಯಿಯಂತೆ ಒಂದೇ ಸಮನೆ ಬೊಗಳುವ ಸದ್ದು ಕಾಡಿನ ಕಡೆಯಿಂದ ಬಂದರೆ ಅದೂ ಕಾಡುಕುರಿಯದೇ ಇರಬಹುದು.

ಇವೆರಡೂ ಒಳಗೆ ಬರುವ ಬಗೆ ಬೇರೆ. ಕಡವೆ ನಮ್ಮ ದೇಶದ ಜಿಂಕೆಗಳಲ್ಲೆಲ್ಲ ದೊಡ್ಡದು. ಬಲಿತ ಗಂಡು ಎರಡು ಕ್ವಿಂಟಲ್ ಮೀರಿ ತೂಗಬಲ್ಲದು. ಅದು ಬೇಲಿಯನ್ನು ಹಾರುತ್ತದೆ, ಇಲ್ಲವೇ ಎದೆ ಕೊಟ್ಟು ತಳ್ಳಿ ಮಲಗಿಸುತ್ತದೆ. ಕಾಡುಕುರಿ ಇಪ್ಪತ್ತು ಕಿಲೋ ಆಸುಪಾಸಿನ ಪ್ರಾಣಿ, ತಲೆ ತಗ್ಗಿಸಿ ಅಡಿಯಿಂದ ನುಸುಳುತ್ತದೆ. ಮೇಲಿನ ಎತ್ತರಕ್ಕೆ ಕೊಡುವಷ್ಟೇ ಗಮನವನ್ನು ಬೇಲಿಯ ಬುಡಕ್ಕೂ ಕೊಡಬೇಕು.

ಇನ್ನು ಎತ್ತರದ ಮಾತು. ಜಿಂಕೆ ತಡೆಯಲು ಎಂಟು ಅಡಿ ಬೇಲಿ ಬೇಕು ಎನ್ನುತ್ತಾರೆ. ಆಚೆಬದಿ ಕಾಣುವ ತಂತಿ ಬಲೆಯ ಬೇಲಿಗೆ ಆ ಮಾತು ನಿಜ. ಆದರೆ ಜಿಂಕೆ ಹಾರುವ ಮುನ್ನ ಎಲ್ಲಿ ಇಳಿಯಬೇಕೆಂದು ನೋಡಿಕೊಳ್ಳುತ್ತದೆ. ಇಳಿಯುವ ಜಾಗ ಕಾಣದಿದ್ದರೆ, ಅಥವಾ ಇಳಿಯುವಲ್ಲಿ ಇನ್ನೊಂದು ಅಡ್ಡಿ ಕಂಡರೆ ಹಾರಲು ಹಿಂಜರಿಯುತ್ತದೆ. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಸುತ್ತಲಿನ ಅಲುಗಾಟವನ್ನು ಚೆನ್ನಾಗಿ ಹಿಡಿಯುವ ಆ ಕಣ್ಣಿಗೆ ಎದುರಿನ ಎರಡು ವಸ್ತುಗಳ ನಡುವಿನ ದೂರವನ್ನು ಅಳೆಯುವುದು ಅಷ್ಟು ಸುಲಭವಲ್ಲ. ನನ್ನ ಹಿತ್ತಲಿನ ಬೇಲಿ ನಿಂತಿರುವುದು ಇದೇ ಆಧಾರದ ಮೇಲೆ. ಎತ್ತರಕ್ಕೆ ಹಣ ಸುರಿಯುವ ಬದಲು ನೋಟವನ್ನು ಮುಚ್ಚಿದೆ.

ಒಳಗಿನ ಬೇಲಿಯ ಲೆಕ್ಕದಲ್ಲಿ ಹಿತ್ತಲಿನ ಅಳತೆ ಎಂಟು ಮೀಟರ್ ಅಗಲ, ಹದಿನಾಲ್ಕು ಮೀಟರ್ ಉದ್ದ. ಸುತ್ತಳತೆ 44 ಮೀಟರ್. ಹೊರಗಿನ ಬೇಲಿಗೆ ಮುಂಗಾರಿನ ಮೊದಲ ಮಳೆಗಳಲ್ಲಿ ಗೊಬ್ಬರದ ಗಿಡದ, ಅಂದರೆ ಗ್ಲಿರಿಸಿಡಿಯಾದ ಗೂಟ ಹುಗಿದು, ಅವುಗಳಿಗೆ ಅಡ್ಡಲಾಗಿ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ ಕಟ್ಟಿದೆ. ಗೂಟ ಚಿಗುರಿ ಜೀವಂತ ಕಂಬವಾಯಿತು, ಅದರ ಸೊಪ್ಪು ಹಿತ್ತಲಿಗೇ ಗೊಬ್ಬರವಾಯಿತು. ಈ ಬೇಲಿಯ ಎತ್ತರ ಎದೆಮಟ್ಟ ಮಾತ್ರ. ಅದರಿಂದ ಒಳಕ್ಕೆ ನಾಲ್ಕು ಅಡಿ ಬಿಟ್ಟು ಎರಡನೆಯ ಬೇಲಿ. ಅದು ಹಳೆಯ ಸೀರೆಗಳದ್ದು.

ಹೊಲಕ್ಕೆ ಸೀರೆ ಸುತ್ತುವುದನ್ನು ನಮ್ಮ ರಾಜ್ಯದ ರೈತರು ಹಲವು ಕಡೆ ಮಾಡುತ್ತಾರೆ. ಆದರೆ ಒಂದೇ ಸೀರೆಯನ್ನು ಉದ್ದಕ್ಕೆ ಎಳೆದು ಕಟ್ಟಿದರೆ ಅದರ ಎತ್ತರ ಮೂರೂಮುಕ್ಕಾಲು ಅಡಿ ಮಾತ್ರ, ಕಡವೆ ಅದರ ಮೇಲೆ ಕತ್ತು ಚಾಚಿ ಒಳಗೆ ನೋಡುತ್ತದೆ. ಒಂದರ ಮೇಲೊಂದು ಎರಡು ಸಾಲು ಕಟ್ಟಿದರೆ ಸುಮಾರು ಏಳು ಅಡಿಯ ಗೋಡೆ. ಒಂದು ಸೀರೆ ಐದೂವರೆ ಮೀಟರ್ ಉದ್ದವೆಂದರೆ 44 ಮೀಟರಿಗೆ ಸಾಲಿಗೆ ಎಂಟು, ಒಟ್ಟು ಹದಿನಾರು ಸೀರೆ. ಮೂಲೆಗಳಿಗೆ, ಗಂಟಿಗೆ ಹೋಗುವುದನ್ನು ಸೇರಿಸಿ ಹದಿನೆಂಟು ಇಟ್ಟುಕೊಳ್ಳಿ. ಹತ್ತಿ ಸೀರೆ ಮಲೆನಾಡಿನ ಮಳೆಗೆ ಬೇಗ ಮುಗ್ಗಿ ಹರಿಯುತ್ತದೆ; ಪಾಲಿಯೆಸ್ಟರ್ ಬಾಳುತ್ತದೆ. ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ. ಕೆಂಪು ಬಟ್ಟೆಗೆ ಜಿಂಕೆ ಹೆದರುತ್ತದೆ ಎಂಬ ಮಾತಿದೆ, ಆದರೆ ಅದಕ್ಕೆ ಕೆಂಪು ನಮಗೆ ಕಾಣುವಂತೆ ಕಾಣುವುದೇ ಇಲ್ಲ. ನೀಲಿಯೇ ಅದಕ್ಕೆ ಎದ್ದು ಕಾಣುವ ಬಣ್ಣ. ಬಟ್ಟೆ ತೆಳುವಾಗಿ ಒಳಗಿನ ಗಿಡ ಕಾಣುವಂತಿರಬಾರದು, ಅಷ್ಟೇ.

ಕಟ್ಟುವುದರಲ್ಲಿ ಒಂದು ಕೌಶಲವಿದೆ. ಸೀರೆಗೆ ತೂತು ಮಾಡಿ ಹಗ್ಗ ಪೋಣಿಸಿದರೆ ಮೊದಲ ಗಾಳಿಗೇ ತೂತು ಸೀಳುತ್ತದೆ. ಅಂಚಿನ ಒಳಗೆ ಅಡಿಕೆ ಗಾತ್ರದ ಒಂದು ಕಲ್ಲಿಟ್ಟು, ಬಟ್ಟೆಯನ್ನು ಅದರ ಸುತ್ತ ಮಡಚಿ, ಕಲ್ಲಿನ ಹಿಂಬದಿಯಲ್ಲಿ ಹಗ್ಗ ಬಿಗಿದರೆ ಬಟ್ಟೆಯೂ ಸೀಳುವುದಿಲ್ಲ, ಗಂಟೂ ಜಾರುವುದಿಲ್ಲ. ಎರಡು ಸಾಲು ಕೂಡುವಲ್ಲಿ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಒಂದರ ಮೇಲೊಂದು ಬರಲಿ. ಕೆಳಗಿನ ಅಂಚು ನೆಲದ ಮೇಲೆ ಹೊರಕ್ಕೆ ಅಂಗೈ ಅಗಲ ಮಲಗಿರಲಿ, ಅದರ ಮೇಲೆ ಕಲ್ಲು ಹೇರಿ. ಕಾಡುಕುರಿಯನ್ನು ತಡೆದದ್ದು ಈ ಅಂಗೈ ಅಗಲವೇ. ಪೂರ್ತಿ ಬಿಗಿಯಾಗಿ ಎಳೆಯಬಾರದು. ಸ್ವಲ್ಪ ಸಡಿಲವಿದ್ದರೆ ಗಾಳಿಗೆ ಅಲುಗುತ್ತದೆ, ಕಂಬಕ್ಕೂ ಜಗ್ಗಾಟ ಕಡಿಮೆ.

ಎರಡು ಬೇಲಿಗಳ ನಡುವಿನ ನಾಲ್ಕು ಅಡಿ ಓಣಿಯೇ ಇಡೀ ಏರ್ಪಾಡಿನ ಜೀವಾಳ. ಹೊರಗಿನ ಬೇಲಿಯನ್ನು ಕಡವೆ ಸುಲಭವಾಗಿ ಹಾರಬಲ್ಲದು, ಆದರೆ ಇಳಿಯುವಲ್ಲಿ ಅದಕ್ಕೆ ಬಟ್ಟೆಯ ಗೋಡೆ ಎದುರಾಗುತ್ತದೆ. ಓಣಿಯೊಳಗೆ ಇಳಿದರೂ ಒಳಬೇಲಿ ಹಾರಲು ಬೇಕಾದ ಓಟಕ್ಕೆ ಜಾಗವಿಲ್ಲ. ಅಷ್ಟು ದೊಡ್ಡ ಪ್ರಾಣಿ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳಲು ಒಪ್ಪುವುದಿಲ್ಲ. ಓಣಿಯನ್ನು ನಾನು ಖಾಲಿ ಬಿಟ್ಟಿಲ್ಲ. ಅರಿಶಿನ, ಶುಂಠಿ, ಮಜ್ಜಿಗೆ ಹುಲ್ಲು (ನಿಂಬೆ ಹುಲ್ಲು), ದೊಡ್ಡಪತ್ರೆ ನೆಟ್ಟಿದ್ದೇನೆ. ಘಾಟು ವಾಸನೆಯ ಇವುಗಳಿಗೆ ನಮ್ಮಲ್ಲಿ ಇದುವರೆಗೆ ಕಡವೆ, ಕಾಡುಕುರಿ ಬಾಯಿ ಹಾಕಿಲ್ಲ. ನಡುವೆ ಒಬ್ಬರು ನಡೆಯುವಷ್ಟು ದಾರಿ ಇದೆ. ಬೆಳಿಗ್ಗೆ ಒಂದು ಸುತ್ತು ಬಂದರೆ ಎಲ್ಲಿ ಕಲ್ಲು ಸರಿದಿದೆ, ಎಲ್ಲಿ ಗಂಟು ಬಿಚ್ಚಿದೆ ಎಂದು ತಿಳಿಯುತ್ತದೆ.

ಹೆಚ್ಚಿನ ಹಿತ್ತಲುಗಳಲ್ಲಿ ಸೋರುವುದು ದಣಪೆಯ, ಅಂದರೆ ಅಡ್ಡ ಗಳ ಸರಿಸಿ ಒಳಹೋಗುವ ಬಾಗಿಲಿನ ಹತ್ತಿರ. ಬೇಲಿಗೆ ಬಟ್ಟೆ ಸುತ್ತಿ, ದಣಪೆಯ ಗಳಗಳ ನಡುವಿನ ಸಂದನ್ನು ಹಾಗೇ ಬಿಟ್ಟರೆ ಕಡವೆಗೆ ಅದೊಂದು ಕಿಟಕಿ. ನಮ್ಮ ದಣಪೆಗೂ ಸೀರೆಯ ಪರದೆ ಇದೆ, ಒಳಬೇಲಿಯ ದಾರಿಯನ್ನು ಅದರ ನೇರಕ್ಕೆ ಬಿಡದೆ ಪಕ್ಕಕ್ಕೆ ಸರಿಸಿದ್ದೇನೆ.

ಬೇಲಿ ಹಾಕುವ ಮುನ್ನ ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಹಿರಿಯರೊಬ್ಬರು ಹೇಳಿದ ಮಾತನ್ನು ನಾನು ಎಲ್ಲರಿಗೂ ಹೇಳುತ್ತೇನೆ: "ಅಮ್ಮಾ, ಅದರ ದಾರಿಗೆ ಅಡ್ಡ ಕಟ್ಟಬೇಡಿ, ಕಟ್ಟಿದರೆ ಅದು ಬೇಲಿಯನ್ನೇ ದಾರಿ ಮಾಡಿಕೊಳ್ಳುತ್ತದೆ." ಹಳ್ಳಕ್ಕೆ ಇಳಿಯುವ ಅವುಗಳ ಜಾಡು ನಮ್ಮ ಹಿತ್ತಲಿನ ಮೂಲೆಯನ್ನು ಹಾದು ಹೋಗುತ್ತಿತ್ತು. ಆ ಮೂಲೆಯನ್ನು ಬಿಟ್ಟುಕೊಟ್ಟು ಬೇಲಿಯನ್ನು ಒಳಕ್ಕೆ ತಂದೆವು. ಎರಡು ಸಾಲು ಬೆಂಡೆಯಷ್ಟು ಜಾಗ ಹೋಯಿತು, ನೂಕಾಟ ನಿಂತಿತು. ಹಾಗೆಯೇ ಬೀಜ ಮೊಳೆಯುವ ಮೊದಲೇ ಬೇಲಿ ಮುಗಿದಿರಬೇಕು. ಒಮ್ಮೆ ಅಲಸಂದೆಯ ರುಚಿ ಹತ್ತಿದ ಕಡವೆಯನ್ನು ತಡೆಯುವುದು ರುಚಿ ನೋಡದ ಕಡವೆಯನ್ನು ತಡೆಯುವುದಕ್ಕಿಂತ ಬಹಳ ಕಷ್ಟ.

ವಾಸನೆಯ ಉಪಾಯಗಳೂ ಕೆಲಸ ಮಾಡುತ್ತವೆ, ಆದರೆ ಬೇಲಿಗೆ ಜೊತೆಯಾಗಿ ಮಾತ್ರ. ಅವುಗಳಲ್ಲಿ ಕೊಳೆತ ಮೊಟ್ಟೆಯೇ ಮೇಲು. ಅದರ ಗಂಧಕದ ನಾತ ಮಾಂಸಾಹಾರಿ ಪ್ರಾಣಿಯೊಂದು ಹತ್ತಿರವಿದೆ ಎಂಬ ಎಚ್ಚರ ಹುಟ್ಟಿಸುತ್ತದೆ. ಲೀಟರ್ ನೀರಿಗೆ ಒಂದು ಮೊಟ್ಟೆ ಕದಡಿ, ಕೆಲವು ದಿನ ಇಟ್ಟು, ಸೋಸಿ ಬಟ್ಟೆಯ ಬೇಲಿಯ ಮೇಲೆ ಸಿಂಪಡಿಸುತ್ತೇನೆ. ತಿನ್ನುವ ಸೊಪ್ಪಿನ ಮೇಲೆ ಎಂದೂ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಗೆ ಇದು ವ್ಯರ್ಥ. ದೀಪಾವಳಿ ಕಳೆದ ಮೇಲೆ ಉಪಯೋಗ. ದೀಪ, ರೇಡಿಯೋ, ಡಬ್ಬದ ಸದ್ದು ಇವಕ್ಕೆಲ್ಲ ಅವು ಬೇಗ ಒಗ್ಗಿಹೋಗುತ್ತವೆ. ನಾಯಿಯನ್ನು ಹಿತ್ತಲಲ್ಲಿ ಕಟ್ಟಿ ಹಾಕಿದರೆ ಚಿರತೆಗೆ ತುತ್ತಾಗುವ ಭಯ, ಬಿಟ್ಟರೆ ಕಾಡಿನ ಮರಿಗಳನ್ನು ಅಟ್ಟಿ ಕೊಲ್ಲುವ ಭಯ. ನಾನು ಎರಡನ್ನೂ ಒಪ್ಪುವುದಿಲ್ಲ.

ಇನ್ನು ಕೆಲವನ್ನು ಮಾಡಲೇಬಾರದು. ಉರುಳು ಹಾಕುವುದು, ಮನೆಯ ಕರೆಂಟನ್ನು ನೇರ ತಂತಿಗೆ ಕೊಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧಕ್ಕೆ ದಾರಿ. ಅದಕ್ಕಿಂತ ಮೊದಲು ಅದು ಕ್ರೌರ್ಯ. ಉರುಳಿಗೆ ಚಿರತೆ ಬಿದ್ದು ಒದ್ದಾಡಿ ಸತ್ತದ್ದೂ, ತಂತಿಗೆ ಮನೆಯವರೇ ಬಲಿಯಾದದ್ದೂ ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ನಡೆದಿವೆ. ಹಳೆಯ ಮೀನುಬಲೆಯೂ ಬೇಡ. ಇಲಿ ಹಿಡಿದು ಉಪಕಾರ ಮಾಡುವ ಕೇರೆಹಾವು ಆ ನೈಲಾನ್ ಕಣ್ಣುಗಳಲ್ಲಿ ಸಿಕ್ಕಿ ಸಾಯುತ್ತದೆ.

ಐಬೆಕ್ಸ್ ಬೇಲಿ ಎಂದು ಕರೆಯುವ, ಯಂತ್ರದಿಂದ ನಡೆಯುವ ವಿದ್ಯುತ್ ಬೇಲಿ ಬೇರೆ ಮಾತು. ಅದರ ಯಂತ್ರ ಕ್ಷಣಮಾತ್ರದ ಹೊಡೆತವನ್ನು ಬಿಟ್ಟು ಬಿಟ್ಟು ಕೊಡುತ್ತದೆ. ಪ್ರಾಣಿ ಬೆಚ್ಚುತ್ತದೆ, ಸಾಯುವುದಿಲ್ಲ. ದೊಡ್ಡ ತೋಟಕ್ಕೆ ಅದು ಸರಿ. ತಂತಿಗೆ ಹುಲ್ಲು ತಾಗದಂತೆ ಸದಾ ಸವರುತ್ತಿರಬೇಕು, ಬೇಸಿಗೆಯಲ್ಲಿ ಅರ್ಥಿಂಗ್ ಸರಳಿನ ಬುಡಕ್ಕೆ ನೀರು ಹಾಕಬೇಕು. ಅಂಗೈಯಗಲದ ಹಿತ್ತಲಿಗೆ ಅಷ್ಟು ಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಬೇಲಿಯ ಹೊರಗೆ ನೆಟ್ಟ ಹಲಸು, ಮಾವಿನ ಸಸಿಗಳಿಗೆ ಪ್ರತ್ಯೇಕ ರಕ್ಷಣೆ ಬೇಕು. ಗಂಡು ಕಡವೆ ಕೊಂಬು ಉಜ್ಜಿ ತೊಗಟೆ ಸುಲಿಯುತ್ತದೆ. ಸಸಿಯ ಸುತ್ತ ನಾಲ್ಕು ಅಡಿಕೆ ದಬ್ಬೆ ಹುಗಿದು ಎರಡು ಕಡೆ ಬಿಗಿದರೆ ಸಾಕು.

ಬೇಲಿ ಸುತ್ತುವ ಕೆಲಸದಲ್ಲಿ ಉಣುಗಿನ ಎಚ್ಚರ ಇರಲಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ಬೇಸಿಗೆಯ ತರಗೆಲೆಯಲ್ಲಿ ಹೆಚ್ಚು. ಡಿಸೆಂಬರ್‌ನಿಂದ ಮಳೆ ಹಿಡಿಯುವವರೆಗೆ ನಾನು ಬೇಲಿಯ ಬುಡದ ತರಗು ಗುಡಿಸಿ ತೆಗೆಯುತ್ತೇನೆ, ಪೂರ್ತಿ ತೋಳಿನ ಅಂಗಿ ತೊಟ್ಟು, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡೇ ಕೆಲಸಕ್ಕಿಳಿಯುತ್ತೇನೆ. ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ತೊಟ್ಟ ಬಟ್ಟೆಯನ್ನು ಅಂದೇ ಒಗೆಯುತ್ತೇನೆ.

ಸೀರೆಗಳನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುನ್ನ ಪರೀಕ್ಷಿಸಿ ಬಿಸಿಲಿಗೆ ಜೀರ್ಣವಾದವನ್ನು ಬದಲಾಯಿಸುತ್ತೇನೆ. ದಬ್ಬೆ ಎರಡು ಮೂರು ಮಳೆಗಾಲ ತಾಳುತ್ತದೆ. ಹೊಸದಾಗಿ ಶುರು ಮಾಡುವವರು ಮೇ ತಿಂಗಳಲ್ಲೇ ಗೂಟ, ದಬ್ಬೆ, ಸೀರೆ ಕೂಡಿಸಿಟ್ಟುಕೊಂಡರೆ ಬೆಂಡೆ, ಅಲಸಂದೆ ಹಾಕುವ ಹೊತ್ತಿಗೆ ಎರಡೂ ಬೇಲಿ ನಿಂತಿರುತ್ತವೆ.