ಹಿಮನದಿಯ ಎದುರು ಹಗ್ಗ ಹಿಡಿದು

ಬೋಟಿನ ಇಂಜಿನ್ ಆಫ್ ಮಾಡಿದ ಕೂಡಲೇ ಚಟಪಟ ಸದ್ದು ಕೇಳಿಸಿತು. ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿಯುತ್ತದಲ್ಲ, ಥೇಟ್ ಹಾಗೆ. ಸುತ್ತ ತೇಲುತ್ತಿದ್ದ ಹಿಮಗಡ್ಡೆಗಳು ಕರಗುತ್ತಾ, ಒಳಗೆ ಒತ್ತಡದಲ್ಲಿ ಸಿಕ್ಕಿಕೊಂಡಿದ್ದ ಹಳೇ ಗಾಳಿಯ ಗುಳ್ಳೆಗಳು ಒಡೆಯುವ ಸದ್ದು ಅದು.

ನಾವು ಇದ್ದದ್ದು ಆರ್ಕ್ಟಿಕ್‌ನ ಸ್ವಾಲ್ಬಾರ್ಡ್ ದ್ವೀಪಗಳ ಕಾಂಗ್ಸ್‌ಫ್ಯೋರ್ಡ್ ಎಂಬ ಕೊಲ್ಲಿಯಲ್ಲಿ. ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇರುವುದು ಅದೇ ದಡದಲ್ಲಿ. ಅಲ್ಲಿ ಕ್ರೋನೆಬ್ರೀನ್ ಹಿಮನದಿ ಸಮುದ್ರಕ್ಕೆ ಇಳಿಯುತ್ತದೆ. ನೀರಿನೊಳಗೆ ಅದು ಹೇಗೆ ಕರಗುತ್ತಿದೆ ಎಂದು ತಿಳಿಯುವುದು ನನ್ನ ಕೆಲಸ. ಆದರೆ ಆ ಹಿಮಗೋಡೆಯ ಹತ್ತಿರ ಹೋಗುವ ಹಾಗಿಲ್ಲ. ಮನೆಗಾತ್ರದ ತುಂಡು ಯಾವಾಗ ಕಳಚಿ ಬೀಳುತ್ತದೋ ಹೇಳಲಾಗದು. ದೂರದಲ್ಲೇ ನಿಂತು ನೀರನ್ನು ಅಳೆಯಬೇಕು.

ಅದಕ್ಕೆ ಸಿಟಿಡಿ ಎಂಬ ಉಪಕರಣ ಇದೆ. ಉಪ್ಪಿನಂಶ, ತಾಪಮಾನ, ಆಳ ಮೂರನ್ನೂ ಅಳೆಯುತ್ತದೆ. ಮೊದಲ ದಿನ ಚಳಿಗೆ ಕೈ ಮರಗಟ್ಟಿ, ಅವಸರದಲ್ಲಿ ಹಗ್ಗ ಬಿಟ್ಟೆ. ಸೆನ್ಸರ್ ಇನ್ನೂ ನೀರಿನ ತಂಪಿಗೆ ಹೊಂದಿಕೊಂಡಿರಲಿಲ್ಲ. ಮೇಲಿನ ಪದರದ ಅಳತೆಯೆಲ್ಲ ಹಾಳಾಯಿತು. ಕರಗಿದ ಸಿಹಿನೀರು ಜಾಸ್ತಿ ಇರುವುದೇ ಆ ಪದರದಲ್ಲಿ! ಆಮೇಲಿಂದ ಅದನ್ನು ನೀರಿನಲ್ಲಿ ಸ್ವಲ್ಪ ಹೊತ್ತು ಹಾಗೇ ಹಿಡಿದಿಟ್ಟು, ನಂತರ ನಿಧಾನವಾಗಿ ಇಳಿಸುತ್ತಿದ್ದೆ.

ಒಂದು ಕೆಜಿ ಹಿಮ ಕರಗಲು ಬೇಕಾದ ಶಾಖ, ಒಂದು ಕೆಜಿ ನೀರನ್ನು ಸುಮಾರು 80 ಡಿಗ್ರಿ ತಣ್ಣಗಾಗಿಸುವಷ್ಟು. ಗೋಡೆ ಸಮುದ್ರದಲ್ಲಿ ಕರಗಿದರೆ ಆ ಶಾಖವನ್ನು ಸಮುದ್ರವೇ ಕೊಡಬೇಕು. ಹಾಗಾಗಿ ಉಪ್ಪಿನಂಶ ಒಂದು ಯೂನಿಟ್ (ಕೆಜಿ ನೀರಿಗೆ ಸುಮಾರು ಒಂದು ಗ್ರಾಂ ಉಪ್ಪು) ಇಳಿದರೆ ತಾಪಮಾನ ಸುಮಾರು 2.5 ಡಿಗ್ರಿ ಇಳಿಯುತ್ತದೆ. ಹಿಮನದಿಯ ಅಡಿಯಿಂದ ಹರಿದು ಬರುವ ನೀರು ಮೊದಲೇ ಕರಗಿದ್ದು. ಅದು ಬೆರೆತರೆ ಉಪ್ಪು ಇಳಿಯುತ್ತದೆ, ತಾಪಮಾನ ಅಷ್ಟಾಗಿ ಇಳಿಯುವುದಿಲ್ಲ. ಗ್ರಾಫಿನಲ್ಲಿ ಎರಡು ಬೇರೆ ಗೆರೆಗಳು: ಗೋಡೆ ಕರಗಿದ ನೀರಿಗೆ ಕಡಿದಾದದ್ದು, ಅಡಿಯಿಂದ ಬಂದ ನೀರಿಗೆ ಅಷ್ಟು ಕಡಿದಲ್ಲದ್ದು.

ಹಿಮಾದ್ರಿ ಇರುವ ಊರಿನಲ್ಲಿ ವೈಫೈ, ಬ್ಲೂಟೂತ್ ಬಳಸುವ ಹಾಗಿಲ್ಲ. ವಯರ್ ಹಾಕಿಯೇ ಡೇಟಾ ತೆಗೆಯಬೇಕು. ರಾತ್ರಿ ಊಟವಾದ ಮೇಲೆ, ಹೊರಗೆ ಇನ್ನೂ ಬಿಸಿಲಿರುವಾಗ ಗ್ರಾಫ್ ತೆರೆದೆ. ಒಂದಷ್ಟು ಚುಕ್ಕಿಗಳು ಆ ಕಡಿದಾದ ಗೆರೆಯ ಮೇಲೇ ಕೂತಿದ್ದವು. ನಾನು ಮುಟ್ಟಲಾಗದ ಗೋಡೆ ಕರಗಿ, ನನ್ನ ಬೋಟಿನ ಕೆಳಗೆ ಹಾದುಹೋಗಿತ್ತು. ತುಂಬಾ ಹೊತ್ತು ನೋಡುತ್ತಾ ಕೂತೆ.

ಆ ಚಟಪಟ ಸದ್ದನ್ನು ಮಾತ್ರ ಆಗ ಸುಮ್ನೆ ಕೇಳಿ ಬಿಟ್ಟಿದ್ದೆ. 2023ರಲ್ಲಿ ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ ತೊಟ್ಟಿಯಲ್ಲಿ ಪ್ರಯೋಗ ಮಾಡಿ ತೋರಿಸಿತು: ಗುಳ್ಳೆ ಇರುವ ಹಿಮ, ಗುಳ್ಳೆ ಇಲ್ಲದ ಹಿಮಕ್ಕಿಂತ ಎರಡು ಪಟ್ಟಿಗೂ ಬೇಗ ಕರಗುತ್ತದೆ. ಸಿಡಿದ ಗಾಳಿ ಮೇಲೇರುತ್ತಾ ಹಿಮದ ಪಕ್ಕದ ತಣ್ಣನೆ ನೀರನ್ನು ಕಲಕುತ್ತದೆ, ಬೆಚ್ಚಗಿನ ನೀರು ಒಳಗೆ ಬರುತ್ತದೆ. ಈಗ ನಾನು ಸಿಟಿಡಿ ಜೊತೆ ಹೈಡ್ರೋಫೋನ್, ಅಂದರೆ ನೀರಿನೊಳಗಿನ ಸದ್ದು ಹಿಡಿಯುವ ಮೈಕ್ ಕೂಡ ಇಳಿಸುತ್ತೇನೆ. ಬೋಟಿಗೆ ಕಟ್ಟಬೇಡಿ, ಅಲೆ ಬಡಿಯುವ ಸದ್ದೇ ತುಂಬಿಕೊಳ್ಳುತ್ತದೆ. ತೇಲುಬುರುಡೆಗೆ ಕಟ್ಟಿ, ದೂರ ಬಿಡಿ.