ಅರೆಕೆಟ್ಟ ಚಿಪ್ಪುಗಳಿಂದ ಸ್ಪೆಕ್ಟ್ರಮ್ ಎಬ್ಬಿಸಿದ್ದು

ಕೆಟ್ಟ ಚಿಪ್ ಹಾಕಿ ಕೆಟ್ಟ ಕಂಪ್ಯೂಟರ್ ರಿಪೇರಿ ಮಾಡ್ತೀನಿ ಅಂದಾಗ ನಕ್ಕವರೇ ಹೆಚ್ಚು. ಇಲ್ಲೇ ಕೇಂಬ್ರಿಡ್ಜ್ ಹತ್ತಿರ ಇರುವ, ನನ್ನಷ್ಟೇ ಹಳೇ ಮೆಷೀನಿನ ಹುಚ್ಚಿರುವ ಮಂಗಳೂರಿನ ಗೆಳೆಯನಂತೂ "ನಿಂಗೆ ಮಂಡೆ ಸಮ ಇಲ್ವಾ ಮಾರಾಯ?" ಅಂದ. ಆ 48ಕೆ ಸ್ಪೆಕ್ಟ್ರಮ್ (ಸಿಂಕ್ಲೇರ್ ಕಂಪನಿಯ ಹಳೇ ಮನೆ ಕಂಪ್ಯೂಟರ್, 48 ಕಿಲೋಬೈಟ್ ಮೆಮೊರಿಯದು) ಈಗ ಎರಡು ಚಳಿಗಾಲ ದಾಟಿ ಓಡುತ್ತಿದೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಬೋರ್ಡು ಇಶ್ಯೂ 2, ಅಂದರೆ ಎರಡನೇ ಆವೃತ್ತಿ. ಕಾರಿನ ಡಿಕ್ಕಿಯಲ್ಲಿ ಹಳೇ ಸಾಮಾನಿಟ್ಟು ಮಾರುವ ಕಾರ್ ಬೂಟ್ ಸೇಲಿನಲ್ಲಿ ನಲವತ್ತು ಪೌಂಡಿನ ಆಸುಪಾಸಿಗೆ ಸಿಕ್ಕಿತು. ಮಾರಿದಾತ "ಓಡ್ತಿತ್ತು" ಅಂದಿದ್ದ. ಯಾವಾಗ ಅಂತ ಹೇಳಲಿಲ್ಲ. ಆನ್ ಮಾಡಿದರೆ ಪರದೆಯಲ್ಲಿ ಬರೀ ಪಟ್ಟೆ ಪಟ್ಟೆ, ಮೆಷೀನು ಸರಿಯಿದ್ದರೆ ಕಾಣುವ 1982ರ ಕಾಪಿರೈಟ್ ಸಾಲಿನ ಸುಳಿವಿಲ್ಲ. ಕಾಯಿಲೆ ನಿಮಗೆಲ್ಲ ಗೊತ್ತಿರುವುದೇ: ವೋಲ್ಟೇಜ್ ಮಾಡಿಕೊಡುವ ಕನ್ವರ್ಟರಿನ ಟ್ರಾನ್ಸಿಸ್ಟರ್ ಟಿಆರ್4 ಶಾರ್ಟ್, ಅದರ ಕಾಯಿಲ್ ಕಪ್ಪು, ಮೆಮೊರಿಯ ಕೆಳಗಿನ 16ಕೆಯ ಎಂಟು 4116 ಚಿಪ್ಪುಗಳಲ್ಲಿ ಅರ್ಧ ಸತ್ತಿವೆ. 4116ಗೆ 12, 5, ಮೈನಸ್ 5 ವೋಲ್ಟ್ ಮೂರೂ ಬೇಕು. ಮೈನಸ್ 5 ಹೋಗಿ 12 ಉಳಿದರೆ ಚಿಪ್ ಬೆಂದು ಹೋಗುತ್ತದೆ. ಬೆಂದ ಚಿಪ್ 12ರ ಲೈನನ್ನು ಎಳೆದು ಹೊಸ ಟಿಆರ್4 ಅನ್ನೂ ಸುಡುತ್ತದೆ.

ದುಡ್ಡು ಹೋಗಿದ್ದು ಇಲ್ಲೇ. ಆನ್‌ಲೈನಿನಲ್ಲಿ ತರಿಸಿದ ಮೊದಲ ಸೆಟ್ 4116, ಇಪ್ಪತ್ತೈದು ಪೌಂಡ್ ಇರಬೇಕು, ಮೇಲ್ಮೈ ಉಜ್ಜಿ ಹೊಸ ನಂಬರ್ ಒತ್ತಿದ ಮಾಲು. ಅಸಿಟೋನ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದರೆ ನಂಬರೆಲ್ಲ ಬಟ್ಟೆಗೆ ಬಂತು. ಬೇರೆ ಕಡೆಯ ಎರಡನೇ ಸೆಟ್ ಒಂದು ತಿಂಗಳು ಓಡಿತು, ಆಮೇಲೆ ಒಂದು ಚಿಪ್ ಕೈಕೊಟ್ಟಿತು, ಜೊತೆಗೆ ಟಿಆರ್4 ಮತ್ತೆ ಹೊಗೆ. ಕೀಬೋರ್ಡಿನ ಕೀಲಿಗಳ ಕೆಳಗಿನ ಹಾಳೆಗೆ (ಮೆಂಬ್ರೇನ್) ಹದಿನೈದರಷ್ಟು ಬೇರೆ. ಮೂಗಿಗಿಂತ ಮೂಗುತಿ ಭಾರ.

ದಾರಿ ಕಂಡಿದ್ದು ಅದೇ ಬೋರ್ಡಿನ ಮೆಮೊರಿಯ ಮೇಲ್ಭಾಗದ 32ಕೆಯಲ್ಲಿ. ಬಿಬಿಸಿಗೆ ಕಂಪ್ಯೂಟರ್ ಮಾಡಿಕೊಡುವ ಗುತ್ತಿಗೆ ಎದುರಾಳಿ ಕಂಪನಿ ಅಕಾರ್ನ್ ಪಾಲಾದ ಮೇಲೆ ಸಿಂಕ್ಲೇರ್ ಹಿಡಿದಿದ್ದು ಅಗ್ಗದ ಹಾದಿ. 1982ರ ಏಪ್ರಿಲ್ 23ಕ್ಕೆ ಬಿಡುಗಡೆ ಮಾಡಿದಾಗ 16ಕೆಗೆ 125 ಪೌಂಡ್, 48ಕೆಗೆ 175. ಆ ಬೆಲೆಗೆ ಇಳಿಸಲು ರಿಚರ್ಡ್ ಆಲ್ಟ್‌ವಾಸರ್ ಹಾರ್ಡ್‌ವೇರಿನ ಬಹುಪಾಲನ್ನು ಫೆರಾಂಟಿ ಕಂಪನಿಯ ಒಂದೇ ಯುಎಲ್ಎ ಚಿಪ್ಪಿಗೆ (ಬೇಕಾದ ಹಾಗೆ ಜೋಡಿಸಿಕೊಳ್ಳುವ ಲಾಜಿಕ್ ಚಿಪ್) ತುರುಕಿದರು. ಸ್ಟೀವ್ ವಿಕರ್ಸ್ ಬರೆದ ರೋಮ್ (ಮೆಷೀನಿನೊಳಗಿನ ಕಾಯಂ ಪ್ರೋಗ್ರಾಂ) ಪೂರ್ತಿಯಾಗುವ ಮೊದಲೇ ಮಾಲು ಹೊರಟಿತು. 16ಕೆ ರೋಮ್‌ನ ಕೊನೆಯ ಹತ್ತಿರ ಒಂದು ಕೆಗಿಂತ ಹೆಚ್ಚು ಜಾಗ ಇವತ್ತಿಗೂ ಖಾಲಿ ಬಿದ್ದಿದೆ, ನೋಡಿ. ನನ್ನ ಬೋರ್ಡಿನಲ್ಲಿ ಪ್ರೊಸೆಸರ್ ಝಡ್80ಯ ಬೆನ್ನ ಮೇಲೆ ಕಾಲು ಚಾಚಿಕೊಂಡ ಟ್ರಾನ್ಸಿಸ್ಟರ್ ಇದೆಯಲ್ಲ, ಯಾರೋ ಹವ್ಯಾಸಿಯ ತೇಪೆ ಅಂದುಕೊಂಡು ಅದನ್ನು ಕಿತ್ತವರನ್ನು ಬಲ್ಲೆ. ಅದು ಯುಎಲ್ಎಯ ದೋಷ ಮುಚ್ಚಲು ಫ್ಯಾಕ್ಟರಿಯಲ್ಲೇ ಹಾಕಿದ್ದು. ಮುಟ್ಟಬೇಡಿ.

ಮೇಲಿನ 32ಕೆಗೆ ಅವರು ಹಾಕಿದ್ದು ಅರ್ಧ ಕೆಟ್ಟ 64 ಕಿಲೋಬಿಟ್ ಚಿಪ್ಪುಗಳನ್ನು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ 4532, ಓಕಿ ಕಂಪನಿಯ 3732. ಪರೀಕ್ಷೆಯಲ್ಲಿ ಒಂದು ಅರ್ಧ ಫೇಲಾದ ಮಾಲು ಅಗ್ಗಕ್ಕೆ ಸಿಗುತ್ತಿತ್ತು. ಯಾವ ಅರ್ಧ ಚೆನ್ನಾಗಿದೆಯೋ ಅದಕ್ಕೆ ಬೋರ್ಡಿನಲ್ಲೊಂದು ಲಿಂಕ್. ಅವರು ಮೇಲೆ ಮಾಡಿದ್ದನ್ನು ನಾನು ಕೆಳಗೆ ಯಾಕೆ ಮಾಡಬಾರದು?

4116ರ ಜಾಗಕ್ಕೆ 64 ಕಿಲೋಬಿಟ್ಟಿನ 4164 ಹಾಕುವುದು ಹೊಸದಲ್ಲ. 8ನೇ ಕಾಲನ್ನು ಸಾಕೆಟ್ಟಿನಿಂದ ಹೊರಗೆ ಬಗ್ಗಿಸಿ, ಚಿಪ್ಪಿನ ತುದಿಯಲ್ಲಿ ಎದುರಿಗೇ ಇರುವ 9ಕ್ಕೆ ಸಣ್ಣ ತಂತಿ ಸೋಲ್ಡರ್ ಮಾಡಿದರೆ 12ರ ಬದಲು 5 ಸಿಗುತ್ತದೆ. 4164ರಲ್ಲಿ 9 ಅಂದರೆ ಎ7, ಅಂದರೆ ಮೆಮೊರಿಯ ವಿಳಾಸ ಹೇಳುವ ಒಂದು ಲೈನು. ಬೋರ್ಡು ಅಲ್ಲಿಗೆ 5 ವೋಲ್ಟ್ ಕೊಡುವುದರಿಂದ ಅದು ಯಾವಾಗಲೂ ಮೇಲೆ, ಅಂದರೆ 1. 1ನೇ ಕಾಲನ್ನೂ ಎತ್ತಿಬಿಡಿ. ಕೆಲವು ತಯಾರಕರು ಅದಕ್ಕೆ ರಿಫ್ರೆಶ್ (ಚಿಪ್ ಮರೆಯದ ಹಾಗೆ ಆಗಾಗ ನೆನಪಿಸುವ ಕೆಲಸ) ಕೊಟ್ಟಿದ್ದಾರೆ, ಮೈನಸ್ 5 ತಾಗಿದರೆ ಕಥೆ ಮುಗಿಯಿತು.

ನನ್ನದು ಅಂತ ಹೇಳಿಕೊಳ್ಳುವುದು ಮುಂದಿನದು. ಎ7 ಸದಾ ಮೇಲಿದ್ದರೆ ಸಾಲಿನಲ್ಲೂ ಕಂಬದಲ್ಲೂ ಅರ್ಧರ್ಧ ಹೋಗಿ ಚಿಪ್ಪಿನ ನಾಲ್ಕನೇ ಒಂದು ಭಾಗ ಮಾತ್ರ ಬಳಕೆಗೆ ಬರುತ್ತದೆ. ಉಳಿದ ಮುಕ್ಕಾಲು ಸತ್ತಿದ್ದರೂ ಯಾರಿಗೆ ಬೇಕು? ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರಸ್ತೆಯ ಗುಜರಿಯಲ್ಲಿ ಹಳೇ ಪಿಸಿ ಬೋರ್ಡುಗಳಿಂದ ಕಿತ್ತ 4164ಗಳ ಒಂದು ಚೀಲ ಮುನ್ನೂರೋ ನಾನೂರೋ ರೂಪಾಯಿಗೆ ತಂದೆ. ಇಲ್ಲಿನ ಗೆಳೆಯರು "ಫೇಲ್" ಅಂತ ಎಸೆಯುವ ಡಬ್ಬಿಯನ್ನೂ ಕೇಳಿ ಇಸಿದುಕೊಂಡೆ. ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಪ್ರೋಗ್ರಾಂ ಮಾಡುವ ಬೋರ್ಡಿನಲ್ಲಿ ಟೆಸ್ಟರ್ ಮಾಡಿ, ಆ ನಾಲ್ಕನೇ ಒಂದು ಭಾಗವನ್ನಷ್ಟೇ ಜಾಲಾಡುವ ಹಾಗೆ ಬರೆದೆ. ಪೂರ್ತಿ ಪರೀಕ್ಷೆಯಲ್ಲಿ ಬಿದ್ದವುಗಳಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಸು.

"256 ಸಾಲಿನ ರಿಫ್ರೆಶ್ ಬೇಕಾದ ಚಿಪ್ ನಿಲ್ಲಲ್ಲ" ಅಂತ ವಾದಿಸಿದವರಿದ್ದಾರೆ. ಬಳಸುವುದೇ 128 ಸಾಲು. ಮುಟ್ಟದ ಸಾಲು ಮರೆತರೆ ಮರೆಯಲಿ.

ನ್ಯಾನೋ ಪಾಸು ಮಾಡಿದ್ದೆಲ್ಲ ಯುಎಲ್ಎಯ ವೇಗಕ್ಕೆ ನಿಲ್ಲುವುದಿಲ್ಲ. 150 ನ್ಯಾನೋಸೆಕೆಂಡಿನವೇ ಇರಲಿ. ಬಿಸಿಗೆ ತಪ್ಪುವ ಚಿಪ್ಪನ್ನು ಮೊದಲೇ ಜರಡಿ ಹಿಡಿಯಲು ನನ್ನದೊಂದು ಉಪಾಯ ಇದೆ. ಹೇರ್ ಡ್ರೈಯರ್ ಬೇಕು ಎಂಬಷ್ಟು ಹೇಳುತ್ತೇನೆ. ಯಾವ ಕಂಪನಿಯ ಮಾಲು ಹೆಚ್ಚು ಪಾಸಾಗುತ್ತದೆ ಎನ್ನುವುದು ನನ್ನ ಹತ್ತಿರವೇ ಇರಲಿ. ಬರೆದರೆ ನಾಳೆಯೇ ರೇಟು ಏರುತ್ತದೆ.

ಹಾಕಿದ ಮೇಲೆ ಟಿಆರ್4 ತಣ್ಣಗಿದೆ. 12ರ ಲೈನು ಈಗ ಮುಖ್ಯವಾಗಿ ಟಿವಿಗೆ ಬಣ್ಣ ಕೊಡುವ ಎಲ್ಎಂ1889 ಚಿಪ್ಪಿಗೆ. ಹಾಗಂತ ಕನ್ವರ್ಟರ್ ಕಿತ್ತು ಹಾಕಲು ಹೋಗಬೇಡಿ, ಬಣ್ಣ ಹೋಗುತ್ತದೆ.

ಮೆಷೀನು ಎದ್ದ ಖುಷಿಗೆ ಕನ್ನಡ ಅಕ್ಷರಕ್ಕೂ ಕೈ ಹಾಕಿದೆ. ನಾವೇ ಬರೆದುಕೊಳ್ಳಬಹುದಾದ ಅಕ್ಷರ (ಬಳಕೆದಾರರ ಗ್ರಾಫಿಕ್ಸ್) 21 ಮಾತ್ರ, ಕಾಗುಣಿತಕ್ಕೆ ಎಲ್ಲಿ ಸಾಲುತ್ತದೆ? ಅಕ್ಷರಗಳ ಚಿತ್ರ ಎಲ್ಲಿದೆ ಎಂದು ಹೇಳುವ, ಮೆಮೊರಿ ವಿಳಾಸ 23606ರ ಪಾಯಿಂಟರ್ ತಿರುಗಿಸಿ 96 ಅಕ್ಷರಗಳ ಸೆಟ್ಟನ್ನೇ ಮೆಮೊರಿಯಲ್ಲಿ ಕೂರಿಸಿದೆ, 768 ಬೈಟು. "ಕ" ಎಂಟು ಗುಣ ಎಂಟರಲ್ಲಿ ಮುದ್ದಾಗಿ ಬಂತು. "ಳೂ" ಮಾತ್ರ ಶಾಯಿ ಚೆಲ್ಲಿದ ಹಾಗೆ. ಒತ್ತಕ್ಷರಕ್ಕೆ ಕೆಳಗಿನ ಸಾಲು ಬೇಕೇ ಬೇಕು. ಅಲ್ಲಿಗೆ ಬಿಟ್ಟೆ.

ಮಂಡೆ ಸಮ ಇಲ್ಲ ಅಂದವನು ಹೋದ ತಿಂಗಳು ತನ್ನ 16ಕೆ ಮೆಷೀನ್ ಹೊತ್ತುಕೊಂಡು ಬಂದ, 48 ಮಾಡಿಕೊಡು ಅಂತ. ಚಿಪ್ಪಿಗೆ ಒಂದು ಪೌಂಡ್ ಹೇಳಿದ್ದೇನೆ, ಜೊತೆಗೆ ಬೇಕಾದ ಲಾಜಿಕ್ ಚಿಪ್ಪುಗಳು, 74ಎಲ್ಎಸ್157 ಎರಡು, 74ಎಲ್ಎಸ್32 ಮತ್ತು 74ಎಲ್ಎಸ್00 ಒಂದೊಂದು, ಅವನದೇ ಖರ್ಚು. ಎಂಟೂ ಚಿಪ್ಪಿನಲ್ಲಿ ಒಂದೇ ಅರ್ಧ ಚೆನ್ನಾಗಿರಬೇಕಲ್ಲ, ಮೇಲಿನರ್ಧದವು ಆರು ಸಿಕ್ಕಿವೆ. ಇನ್ನೆರಡು ಸಿಕ್ಕ ದಿನ ಲಿಂಕ್ ಹಾಕುತ್ತೇನೆ.