‘ಇನ್ನೂ ಸಿದ್ಧನಿಲ್ಲ’ ಎಂದು ಬರೆಯುತ್ತ ಕಳೆದ ಮೂರು ವರ್ಷ

ಆ ಹುಡುಗ ನಮ್ಮ ತರಬೇತಿ ಕೇಂದ್ರಕ್ಕೆ ಬಂದಾಗ ಅವನಿಗೆ 18 ವರ್ಷ. ಬೌದ್ಧಿಕ ಅಂಗವೈಕಲ್ಯ, ಜೊತೆಗೆ ಆಟಿಸಂ. ಮೂರು ವರ್ಷ ಕೂತು ಕವರ್ ಅಂಟಿಸಿದ. ಆರು ತಿಂಗಳಿಗೊಮ್ಮೆ ಅವನ ಫೈಲಿನಲ್ಲಿ ‘ಇನ್ನೂ ಕೆಲಸಕ್ಕೆ ಸಿದ್ಧನಿಲ್ಲ’ ಎಂದು ಬರೆಯುತ್ತಿದ್ದವಳು ನಾನೇ. ಗಮನ ಸಾಲದು, ಮಾತು ಕಡಿಮೆ, ನಡುವೆ ಎದ್ದು ಹೋಗುತ್ತಾನೆ. ಬರೆದದ್ದೆಲ್ಲ ನಿಜ. ಆದರೆ ಕವರ್ ಅಂಟಿಸುವುದು ಅವನಿಗೆ ಬೇಡವಾಗಿತ್ತು ಅನ್ನುವುದನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ.

1970ರ ದಶಕದಲ್ಲೇ ಅಮೆರಿಕದ ವಿಶೇಷ ಶಿಕ್ಷಣ ತಜ್ಞ ಮಾರ್ಕ್ ಗೋಲ್ಡ್, ಏನೂ ಕಲಿಯಲಾರರು ಎಂದು ಎಲ್ಲರೂ ಕೈಬಿಟ್ಟಿದ್ದವರಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸುವುದನ್ನು ಕಲಿಸಿ ತೋರಿಸಿದ್ದರು. ಕಲಿಯುತ್ತಿಲ್ಲ ಅಂದರೆ ಕಲಿಸುವ ದಾರಿ ಬದಲಾಗಬೇಕು ಅನ್ನುವುದು ಅವರ ನಿಲುವು. ಆಮೇಲೆ ಬಂದ, ಬೆಂಬಲ ಕೊಡುತ್ತ ಉದ್ಯೋಗದಲ್ಲಿ ನಿಲ್ಲಿಸುವ ಸಪೋರ್ಟೆಡ್ ಎಂಪ್ಲಾಯ್‌ಮೆಂಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಮೊದಲು ಎಲ್ಲರೂ ದುಡಿಯುವ ಜಾಗದಲ್ಲಿ ಕೆಲಸಕ್ಕೆ ಸೇರಿಸಿ, ಕಲಿಸುವುದನ್ನು ಅಲ್ಲೇ ಕಲಿಸಿ. ಇದೆಲ್ಲ ನನಗೆ ಓದಿ ಗೊತ್ತಿತ್ತು. ಗೊತ್ತಿದ್ದೂ ಮೂರು ವರ್ಷ ಕಾಯಿಸಿದೆ. ಆ ನೋವು ಈಗಲೂ ಇದೆ.

ಕೊನೆಗೆ ಒಂದು ದಿನ ಅವನ ಮನೆಗೆ ಹೋದೆ. ಅವನ ಕೋಣೆಯ ಮೂಲೆಯಲ್ಲಿ ಹಳೆಯ ಪತ್ರಿಕೆಗಳ ಕಟ್ಟುಗಳಿದ್ದವು, ಒಂದೊಂದೂ ತಾರೀಖಿನ ಪ್ರಕಾರ. ಮಾತಿನ ನಡುವೆ ನಾನು ಒಂದನ್ನು ತೆಗೆದು ನೋಡಿ ಬೇರೆ ಕಡೆ ಇಟ್ಟೆ. ಎದ್ದು ಬಂದ, ಅದನ್ನು ಅದರ ಜಾಗದಲ್ಲೇ ಇಟ್ಟು ಮತ್ತೆ ಕೂತ. ಮೂರು ವರ್ಷದ ಫೈಲು ಹೇಳದ್ದನ್ನು ಆ ಅರ್ಧ ನಿಮಿಷ ಹೇಳಿತು.

ಒಂದು ಗ್ರಂಥಾಲಯದಲ್ಲಿ ಮಾತಾಡಿದೆ. ಖಾಲಿ ಇದ್ದ ಸಹಾಯಕ ಹುದ್ದೆಗೆ ಐದಾರು ಬಗೆಯ ಕೆಲಸಗಳು ಸೇರಿದ್ದವು. ಅದಕ್ಕೆ ಅರ್ಜಿ ಹಾಕಿದ್ದರೆ ಅವನು ಬಾಗಿಲಲ್ಲೇ ವಾಪಸ್. ಆದರೆ ಓದುಗರು ಹಿಂದಿರುಗಿಸಿದ ಪುಸ್ತಕಗಳು ಗಾಡಿಗಳಲ್ಲಿ ರಾಶಿ ಬಿದ್ದಿದ್ದವು. ಅದೊಂದನ್ನೇ ಬಿಡಿಸಿ ಅವನಿಗೆ ಕೊಡಿ, ಸಂಬಳ ಮಾತ್ರ ಗಂಟೆಗೆ ಉಳಿದವರಿಗೆ ಎಷ್ಟೋ ಅಷ್ಟೇ ಇರಲಿ ಎಂದು ಕೇಳಿದೆ. ಸಂಬಳದ ವಿಷಯದಲ್ಲಿ ನಾನು ಜಗ್ಗುವುದಿಲ್ಲ. ಕಡಿಮೆ ಕೊಟ್ಟರೆ ಅವನು ಅಲ್ಲಿ ನೌಕರನಾಗಿ ಉಳಿಯುವುದಿಲ್ಲ, ಅತಿಥಿಯಾಗಿಬಿಡುತ್ತಾನೆ.

ಅವನು ಸೇರುವ ಮೊದಲು ನಾನೇ ಒಂದು ಪಾಳಿ ಆ ಕೆಲಸ ಮಾಡಿದೆ. ಮನೆಯಲ್ಲಿ ಕೂತು 14 ಹಂತ ಬರೆದುಕೊಂಡಿದ್ದೆ. ಕೈಯಾರೆ ಮಾಡಿದಾಗ 31 ಆಯಿತು. ಅವನು ಅದರಲ್ಲಿ ಒಂದೇ ಒಂದು ಕಡೆ ಸಿಕ್ಕಿಬಿದ್ದ. 613.19 ಸಂಖ್ಯೆಯ ಪುಸ್ತಕವನ್ನು 613.2ರ ನಂತರ ಇಡುತ್ತಿದ್ದ, ಎರಡಕ್ಕಿಂತ ಹತ್ತೊಂಬತ್ತು ದೊಡ್ಡದು ತಾನೆ! ಎಷ್ಟು ವಿವರಿಸಿದರೂ ಪ್ರಯೋಜನವಾಗಲಿಲ್ಲ. ಒಂದು ದಪ್ಪ ರಟ್ಟಿನಲ್ಲಿ ಒಂದೇ ಅಂಕಿ ಕಾಣುವಷ್ಟು ಕಿಂಡಿ ಕೊರೆದೆ. ಚುಕ್ಕೆ ದಾಟಿದ ಮೇಲೆ ಒಂದೊಂದೇ ಅಂಕಿ ನೋಡು, ಚಿಕ್ಕದು ಬಂದ ಪುಸ್ತಕ ಮೊದಲು. ನಾಲ್ಕನೇ ದಿನಕ್ಕೆ ತಪ್ಪು ನಿಂತಿತು. ಎರಡು ವಾರಕ್ಕೆ ರಟ್ಟು ಜೇಬಿಗೆ ಹೋಯಿತು.

ಆಮೇಲೆ ಅಡ್ಡಿಯಾದವಳು ನಾನು. ದಿನವಿಡೀ ಪಕ್ಕದಲ್ಲೇ ನಿಂತಿರುತ್ತಿದ್ದೆ. ಸಹೋದ್ಯೋಗಿಗಳು ಅವನನ್ನು ಕೇಳಬೇಕಾದ್ದನ್ನು ನನ್ನನ್ನು ಕೇಳುತ್ತಿದ್ದರು: “ಮೇಡಂ, ಇವನು ನಮ್ಮ ಜೊತೆ ಊಟಕ್ಕೆ ಕೂರ್ತಾನಾ?” ಒಮ್ಮೆ ಜ್ವರ ಬಂದು ಮೂರು ದಿನ ಹೋಗಲಾಗಲಿಲ್ಲ. ನಾಲ್ಕನೇ ದಿನ ಹೋಗಿ ನೋಡಿದರೆ ಗಾಡಿಯ ಹಿಡಿಗೆ ಕೆಂಪು ಟೇಪು ಸುತ್ತಿತ್ತು. ಅಲ್ಲಿನ ಹಿರಿಯ ಮಹಿಳೆಯೊಬ್ಬರು ಸುತ್ತಿದ್ದು. ಕೆಂಪು ಇದ್ದರೆ ಇದು ಮೊದಲು ಮುಗಿಯಬೇಕು ಎಂದರ್ಥ. “ಬೇಗ ಬೇಗ ಅಂದ್ರೆ ಗಾಬರಿಯಾಗ್ತಾನೆ ಮೇಡಂ, ಅದಕ್ಕೇ ಹೀಗೆ ಮಾಡಿದೆ,” ಅಂದರು. ನನಗೆ ಹೊಳೆಯದ ಉಪಾಯ. ಊಟದ ಹೊತ್ತಿಗೆ “ಬಾರಪ್ಪ” ಎಂದು ಕರೆದುಕೊಂಡು ಹೋದವರೂ ಅವರೇ. ಅಂದಿನಿಂದ ನಾನು ದಿನಕ್ಕೆ ಎರಡು ಗಂಟೆ, ಆಮೇಲೆ ವಾರಕ್ಕೊಮ್ಮೆ, ಈಗ ತಿಂಗಳಿಗೊಮ್ಮೆ.

ಎಲ್ಲರಿಗೂ ಹೀಗೆ ಕೂಡಿ ಬರಲಿಲ್ಲ. ಲೆಕ್ಕದಲ್ಲಿ ಚುರುಕಾಗಿದ್ದ, ಗಾಲಿಕುರ್ಚಿ ಬಳಸುವ ಒಬ್ಬ ಹುಡುಗಿಗೆ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಇಳಿಜಾರು ನೋಡಿದ್ದೆ, ಮೇಜಿನ ಎತ್ತರ ನೋಡಿದ್ದೆ. ಶೌಚಾಲಯದ ಬಾಗಿಲು ಅಳೆದಿರಲಿಲ್ಲ. ಅವಳು ಒಂದು ತಿಂಗಳು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ದುಡಿದು, ಆರೋಗ್ಯ ಕೆಟ್ಟು ಕೆಲಸ ಬಿಟ್ಟಳು. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 27ನೇ ವಿಧಿ ಕೆಲಸದ ಜಾಗದಲ್ಲಿ ತಕ್ಕ ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ. ಕೇಳಿದ್ದರೆ ಆ ಕಚೇರಿ ಬಾಗಿಲು ಅಗಲ ಮಾಡಿಸುತ್ತಿತ್ತೋ ಏನೋ. ನಾನು ಕೇಳಲಿಲ್ಲ, ಅವಳು ಸಂಕೋಚಪಟ್ಟಳು. ಈಗ ನನ್ನ ಚೀಲದಲ್ಲಿ ಅಳತೆ ಟೇಪು ಇರುತ್ತದೆ, ಮೊದಲು ಅಳೆಯುವುದೇ ಆ ಬಾಗಿಲು.

ಹೋದ ತಿಂಗಳು ಗ್ರಂಥಾಲಯದವರು ಹುಡುಗನನ್ನು ಕೌಂಟರಿನಲ್ಲೂ ಕೂರಿಸೋಣ ಎಂದರು. ಅವನ ಮೇಲಿನ ವಿಶ್ವಾಸದಿಂದಲೇ ಹೇಳಿದ್ದು. ನಾನು ಉತ್ತರಿಸದೆ ಅವನ ಕಡೆ ನೋಡಿದೆ. ಅವನು ಸ್ವಲ್ಪ ಹೊತ್ತು ಗಾಡಿಯ ಹಿಡಿ ಹಿಡಿದು ನಿಂತು, “ಬೇಡ, ಇದೇ,” ಅಂದ. ಈ ಸಲ ಅದನ್ನು ಫೈಲಿನಲ್ಲಿ ಬರೆದಿದ್ದೇನೆ.